ಧ್ಯಾನವನ್ನು ಅಳೆಯಬಹುದೆ?

ಧ್ಯಾನವೆಂಬುದು ನಮ್ಮ ದಿನಬಳಕೆಯ ಮಾತುಗಳಲ್ಲಿ ಒಂದು. ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗನನ್ನು ಉಪಾಧ್ಯಾಯರು "ಎಲ್ಲಯ್ಯ ನಿನ್ನ ಧ್ಯಾನ?" ಎಂದು ಎಚ್ಚರಿಸುತ್ತಾರೆ. ಪರಸ್ಥಳದಲ್ಲಿರುವ ಮಗನ ಸುದ್ದಿ ಬಾರದೆ ಕಳವಳಗೊಂಡ ತಾಯಿಗೆ ಹಗಲಿರುಳೂ ಅವನದೇ ಧ್ಯಾನ. ಮೀನಿಗಾಗಿ ಕೆರೆಯ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಯದು ಬಕಧ್ಯಾನ. ಮನಸ್ಸು ಒಂದು ವಿಷಯಕ್ಕೆ ಅಂಟಿಕೊಂಡಿದೆಯೆಂಬುದು ಈ ಮೂರು ಪ್ರಯೋಗಗಳಿಗೂ ಸಮಾನವಾದ ಅಂಶ. ಆದರೆ ಹುಡುಗನ ಮನಸ್ಸೂ ತಾಯಿಯ ಮನಸ್ಸೂ ತಾವಾಗಿಯೇ ಹೋಗಿ ಅಂಟಿಕೊಂಡವು. ಕೊಕ್ಕರೆಯಾದರೋ ಬೇಕೆಂದೇ ನಿಲ್ಲಿಸಿಕೊಂಡಿದೆ. ಬಕಧ್ಯಾನವೆಂಬ ಮಾತನ್ನು ನಾವು ಕಪಟಕ್ಕೆ ಮೀಸಲಾಗಿರಿಸಿದ್ದರೂ, ಶಾಸ್ತ್ರದ ಅರ್ಥಕ್ಕೆ ಹೆಚ್ಚು ಹತ್ತಿರವಾದುದು ಆ ಹಕ್ಕಿಯ ನಿಲುವೇ ಎಂದು ನನಗೆ ತೋರುತ್ತದೆ.

ಪತಂಜಲಿಯ ಯೋಗಸೂತ್ರದಲ್ಲಿ ಹೇಳಿರುವ ಎಂಟು ಅಂಗಗಳಲ್ಲಿ ಧ್ಯಾನ ಏಳನೆಯದು. ಅದಕ್ಕೆ ಮುಂಚಿನದು ಧಾರಣೆ, ಎಂದರೆ ಮನಸ್ಸನ್ನು ಒಂದೆಡೆ ಕಟ್ಟುವುದು, ಅನಂತರದ್ದು ಸಮಾಧಿ. ಇದೇ ಮಾತು ಬೌದ್ಧರ ಪಾಲಿ ಭಾಷೆಯಲ್ಲಿ ಝಾನ ಎಂದಾಗಿ, ಚೀನಕ್ಕೆ ಹೋಗಿ ಚಾನ್ ಎಂದಾಗಿ, ಜಪಾನನ್ನು ಸೇರಿ ಝೆನ್ ಎಂದಾಯಿತು. ಪಂಥಗಳು ಹಲವಾದರೂ ಕುಳಿತವನು ಮಾಡುವ ಕೆಲಸವನ್ನಷ್ಟೇ ನೋಡಿದರೆ ಅದು ಬಹಳ ಸರಳವಾದುದು. ಉಸಿರು, ಒಂದು ಶಬ್ದ, ಒಂದು ದೀಪದ ಕುಡಿ, ಹೀಗೆ ಏನಾದರೊಂದನ್ನು ಆರಿಸಿಕೊಂಡು ಗಮನವನ್ನು ಅದರ ಮೇಲಿಡುವುದು. ಮನಸ್ಸು ಜಾರಿತೆಂದು ಗೊತ್ತಾದೊಡನೆ ಅದನ್ನು ಮರಳಿ ತರುವುದು. ಈ ಲೇಖನದಲ್ಲಿ ಇಷ್ಟನ್ನೇ ಧ್ಯಾನವೆಂದು ಕರೆಯೋಣ. ಮೋಕ್ಷದ ವಿಚಾರ ಭೌತವಿಜ್ಞಾನದ ಅಧ್ಯಾಪಕನ ಅಧಿಕಾರಕ್ಕೆ ಹೊರಗಿನದು.

ವಿದ್ಯಾರ್ಥಿಗಳ ಕಿವಿಗೆ ಈ ವಿಷಯದಲ್ಲಿ ಎರಡು ಬಗೆಯ ಮಾತು ಬೀಳುತ್ತಿರುತ್ತದೆ. ಧ್ಯಾನದಿಂದ ಜ್ಞಾಪಕಶಕ್ತಿ ಇಮ್ಮಡಿಯಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ಔಷಧವನ್ನೇ ಬಿಟ್ಟುಬಿಡಬಹುದು ಎನ್ನುವವರು ಒಂದು ಕಡೆ. ಕಣ್ಣು ಮುಚ್ಚಿ ತೂಕಡಿಸುವುದಕ್ಕೆ ಇಷ್ಟೊಂದು ಆಡಂಬರವೇಕೆ ಎನ್ನುವವರು ಇನ್ನೊಂದು ಕಡೆ. ಪರೀಕ್ಷೆ ಹತ್ತಿರ ಬಂದು ನಿದ್ದೆಗೆಟ್ಟ ಹುಡುಗನಿಗಾಗಲಿ, ಮಾತ್ರೆಯನ್ನು ನಿಲ್ಲಿಸಿಬಿಡಲೇ ಎಂದು ಯೋಚಿಸುತ್ತಿರುವ ಅವನ ತಂದೆಗಾಗಲಿ ಇದು ಬರಿಯ ಚರ್ಚೆಯ ವಿಷಯವಲ್ಲ. ಪ್ರಯೋಗಶಾಲೆಗೆ ಯಾವ ಹೇಳಿಕೆ ಬಂದರೂ ನಾವು ಮೂರು ಪ್ರಶ್ನೆಗಳನ್ನು ಕೇಳುತ್ತೇವೆ: ಅಳೆದದ್ದು ಏನನ್ನು? ಯಾವ ಉಪಕರಣದಿಂದ? ಯಾವುದರೊಡನೆ ಹೋಲಿಸಿ? ಧ್ಯಾನವನ್ನು ಕುರಿತು ಸುಮಾರು ತೊಂಬತ್ತು ವರ್ಷಗಳಿಂದ ಪ್ರಯೋಗಗಳು ನಡೆದಿವೆ. ಇವುಗಳಲ್ಲಿ ಹೆಚ್ಚು ತೊಡಕನ್ನೂ ಹೆಚ್ಚು ಬೆಳಕನ್ನೂ ತಂದುದು ಮೂರನೆಯ ಪ್ರಶ್ನೆ.

ನಿಂತ ನಾಡಿ, ನಿಲ್ಲದ ಹೃದಯ

ಮೊದಮೊದಲು ಪಾಶ್ಚಾತ್ಯ ವೈದ್ಯರನ್ನು ಇತ್ತ ಸೆಳೆದುದು ಧ್ಯಾನದ ಶಾಂತಿಯಲ್ಲ, ಯೋಗಿಗಳ ಅದ್ಭುತಗಳು. ಹೃದಯವನ್ನು ಇಚ್ಛೆ ಬಂದಾಗ ನಿಲ್ಲಿಸಬಲ್ಲವರು ಭಾರತದಲ್ಲಿದ್ದಾರೆ ಎಂಬ ಮಾತು ಹರಡಿತ್ತು. ಇದನ್ನು ಪರೀಕ್ಷಿಸಲು 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ವೈದ್ಯೆ ಹೃದಯದ ವಿದ್ಯುತ್ತನ್ನು ಗುರುತಿಸುವ ಯಂತ್ರದೊಡನೆ ಇಲ್ಲಿಗೆ ಬಂದರು. ಅವರ ಒಂದು ದಾಖಲೆಯಲ್ಲಿ ಹೃದಯದ ಅಲೆಗಳು ಸೊನ್ನೆಯ ಹತ್ತಿರಕ್ಕೆ ಕುಗ್ಗಿದಂತೆ ಕಂಡುವು. ಅನಂತರ 1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಎಂಬಿಬ್ಬರು ಇನ್ನೂ ಉತ್ತಮವಾದ ಉಪಕರಣಗಳನ್ನು ತಂದು ದೇಶದ ಹಲವೆಡೆ ಸಂಚರಿಸಿದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದರೊಡನೆ ಸೇರಿ ಅವರು 1961ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲಕರವಾಗಿದೆ.

ಹೃದಯವನ್ನು ನಿಲ್ಲಿಸುವೆವೆಂದವರು ಉಸಿರನ್ನು ಬಿಗಿಹಿಡಿದು, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿಯುತ್ತಿದ್ದರು. ಆಗ ಎದೆಗೂಡಿನ ಒಳಗಿನ ಒತ್ತಡ ಹೆಚ್ಚಿ, ಹೃದಯಕ್ಕೆ ರಕ್ತವನ್ನು ಮರಳಿ ತರುವ ದೊಡ್ಡ ಅಭಿಧಮನಿಗಳು ಅಮುಕಿಹೋಗುತ್ತವೆ. ಬರುವ ರಕ್ತವೇ ಕಡಿಮೆಯಾದ ಮೇಲೆ ಹೃದಯ ಹೊರಕ್ಕೆ ತಳ್ಳುವುದೂ ಕಡಿಮೆ. ಮಣಿಕಟ್ಟಿನಲ್ಲಿ ನಾಡಿ ಸಿಕ್ಕುವುದಿಲ್ಲ. ಎದೆಯ ಮೇಲೆ ಸ್ಟೆತಸ್ಕೋಪನ್ನು ಇಟ್ಟರೆ ಬಿಗಿದ ಸ್ನಾಯುಗಳ ಸದ್ದಿನಲ್ಲಿ ಹೃದಯದ ಸದ್ದು ಅಡಗಿಹೋಗುತ್ತದೆ. ಬೆರಳೂ ಕಿವಿಯೂ ಹೃದಯ ನಿಂತಿತೆಂದು ಸಾಕ್ಷಿ ಹೇಳಿದುವು. ವಿದ್ಯುಲ್ಲೇಖ ಮಾತ್ರ ಅದು ಬಡಿಯುತ್ತಲೇ ಇದೆಯೆಂದು ತೋರಿಸಿತು. ಯೋಗಿಗಳು ಮೋಸಗಾರರೆಂದು ಇದರ ಅರ್ಥವಲ್ಲ. ತಮ್ಮ ನಾಡಿ ನಿಂತುದನ್ನು ಅವರೂ ತಮ್ಮ ಬೆರಳಿನಿಂದಲೇ ಅರಿತವರು. ವಾಚಕರು ಇದನ್ನು ಅನುಕರಿಸಲು ಹೋಗಬಾರದು. ಮೂರ್ಛೆ ಬರುವ ಸಂಭವವುಂಟು.

ಹೃದಯ, ರಕ್ತನಾಳ ಮುಂತಾದ ಸ್ವಯಂಚಾಲಿತ ಅಂಗಗಳ ಮೇಲೆ ನೇರವಾದ ಹಿಡಿತ ವಿರಳ. ಆದರೆ ಉಸಿರು ಮತ್ತು ಸ್ನಾಯುಗಳ ಮೂಲಕ ಅವುಗಳನ್ನು ಮುಟ್ಟಬಹುದು ಎಂಬುದು ಆ ಸಂಶೋಧಕರ ತೀರ್ಮಾನ. ಉಸಿರಿನ ಈ ವಿಚಾರವನ್ನು ನೆನಪಿನಲ್ಲಿಟ್ಟಿರೋಣ, ಮುಂದೆ ಬೇಕಾಗುತ್ತದೆ.

ಮಿದುಳಿನ ಅಲೆಗಳು

ಧ್ಯಾನ ಮನಸ್ಸಿನ ವ್ಯಾಪಾರವಾದುದರಿಂದ ಹೃದಯಕ್ಕಿಂತ ಮಿದುಳನ್ನು ನೋಡುವುದೇ ಸಹಜವಷ್ಟೆ. ಜರ್ಮನಿಯ ಯೇನಾ ನಗರದಲ್ಲಿ ಹ್ಯಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮೊತ್ತಮೊದಲಿಗೆ ಮನುಷ್ಯನ ಮಿದುಳಿನ ವಿದ್ಯುಲ್ಲೇಖವನ್ನು ಪಡೆದು, 1929ರಲ್ಲಿ ಅದನ್ನು ಪ್ರಕಟಿಸಿದರು. ನೆತ್ತಿಯ ಚರ್ಮದ ಮೇಲೆ ಸಿಕ್ಕುವ ಈ ವಿದ್ಯುತ್ತು ಅತ್ಯಲ್ಪ. ಕೆಲವು ಹತ್ತು ಮೈಕ್ರೊವೋಲ್ಟುಗಳಷ್ಟು ಮಾತ್ರ. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು 50 ಮೈಕ್ರೊವೋಲ್ಟ್. ಕಣ್ಣು ಮುಚ್ಚಿ ನಿರಾಳವಾಗಿ ಕುಳಿತವನಲ್ಲಿ, ಅದರಲ್ಲಿಯೂ ತಲೆಯ ಹಿಂಭಾಗದಲ್ಲಿ, ಸೆಕೆಂಡಿಗೆ ಸುಮಾರು 8ರಿಂದ 13 ಬಾರಿ ಏರಿಳಿಯುವ ಒಂದು ಅಲೆ ಕಾಣಿಸುತ್ತದೆ. ಬರ್ಗರರು ಇದನ್ನು ಆಲ್ಫಾ ಎಂದು ಕರೆದರು. ಕಣ್ಣು ತೆರೆದೊಡನೆ, ಇಲ್ಲವೆ ಫಕ್ಕನೆ ಒಂದು ಸದ್ದಾದೊಡನೆ, ಆಲ್ಫಾ ಮಾಯವಾಗಿ ಸಣ್ಣ ಸಣ್ಣ ಒರಟು ಗೆರೆಗಳು ಉಳಿಯುತ್ತವೆ.

ಇದೇಕೆಂಬುದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಸಭೆಯಲ್ಲಿ ಸಾವಿರ ಜನ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಸದ್ದು ಹೊರಗಿನ ಬೀದಿಗೂ ಕೇಳುತ್ತದೆ. ಅದೇ ಜನ ಅಕ್ಕಪಕ್ಕದವರೊಡನೆ ಮಾತಿಗಿಳಿದರೆ ಕೆಲಸವೇನೋ ಹೆಚ್ಚು ನಡೆಯುತ್ತಿರುತ್ತದೆ. ಹೊರಗಿನವನಿಗೆ ಕೇಳುವುದು ಗುಜುಗುಜು ಮಾತ್ರ. ಆಲ್ಫಾ ಎಂದರೆ ಲಕ್ಷಾಂತರ ನರಕೋಶಗಳು ಒಂದೇ ತಾಳಕ್ಕೆ ಮಿಡಿಯುತ್ತಿರುವುದರ ಗುರುತು.

ಆನಂದ್, ಛೀನಾ, ಬಲದೇವ ಸಿಂಗ್ ಈ ಮೂವರು ದೆಹಲಿಯಲ್ಲಿ ನಾಲ್ವರು ಯೋಗಿಗಳ ಮಿದುಳಿನ ಅಲೆಗಳನ್ನು ದಾಖಲಿಸಿ 1961ರಲ್ಲಿ ಪ್ರಕಟಿಸಿದರು. ಯೋಗಿಗಳು ಸುಮ್ಮನೆ ಕುಳಿತಿದ್ದಾಗ ಪ್ರಖರವಾದ ಬೆಳಕು, ದೊಡ್ಡ ಸದ್ದು, ಬಿಸಿಮಾಡಿದ ಗಾಜಿನ ನಳಿಕೆಯ ಸ್ಪರ್ಶ, ಶ್ರುತಿಕವೆಯ ಕಂಪನ ಇವೆಲ್ಲ ಎಲ್ಲರಲ್ಲಿ ಆಗುವಂತೆಯೇ ಆಲ್ಫಾವನ್ನು ಅಳಿಸಿಹಾಕಿದುವು. ಸಮಾಧಿಯಲ್ಲಿದ್ದೇವೆಂದು ಅವರು ಹೇಳಿದ ಸ್ಥಿತಿಯಲ್ಲಿ ಇದಾವುದೂ ಅಲೆಯನ್ನು ಕದಲಿಸಲಿಲ್ಲ. ಬೇರೆ ಇಬ್ಬರು ಕೈಯನ್ನು 4 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಇಟ್ಟುಕೊಂಡರು. ಆಗಲೂ ಆಲ್ಫಾ ಹಾಗೆಯೇ ಇತ್ತು. ಐಸ್ ಕರಗಿದ ನೀರಿನಲ್ಲಿ ಎರಡು ನಿಮಿಷ ಕೈಯಿಟ್ಟವರು ಇದರ ಅರ್ಥವನ್ನು ಊಹಿಸಬಲ್ಲರು.

ಐದು ವರ್ಷಗಳ ಬಳಿಕ, 1966ರಲ್ಲಿ, ಜಪಾನಿನ ಕಸಮಾತ್ಸು ಮತ್ತು ಹಿರಾಯಿ ಝೆನ್ ಸಂನ್ಯಾಸಿಗಳ ಮೇಲೆ ಮಾಡಿದ ಪ್ರಯೋಗದ ವರದಿ ಹೊರಬಂದಿತು. ಅವರು 15 ಸೆಕೆಂಡಿಗೊಮ್ಮೆಯಂತೆ ಇಪ್ಪತ್ತು ಬಾರಿ "ಟಕ್" ಎಂಬ ಸಣ್ಣ ಸದ್ದನ್ನು ಕೇಳಿಸಿದರು. ಸಾಮಾನ್ಯರಲ್ಲಿ ಮೊದಲ ಸದ್ದಿಗೆ ಆಲ್ಫಾ ಅಳಿಯಿತು; ಮೂರನೆಯ ನಾಲ್ಕನೆಯ ಸದ್ದಿನ ವೇಳೆಗೆ ಮಿದುಳು ಅದನ್ನು ಲಕ್ಷಿಸುವುದನ್ನೇ ಬಿಡತೊಡಗಿತು. ಗೋಡೆಯ ಗಡಿಯಾರ ಕೆಲವೇ ಹೊತ್ತಿನಲ್ಲಿ ಕಿವಿಗೆ ಕೇಳದಂತಾಗುವುದಿಲ್ಲವೆ, ಹಾಗೆ. ನುರಿತ ಝೆನ್ ಸಂನ್ಯಾಸಿಗಳಲ್ಲಿಯಾದರೋ ಇಪ್ಪತ್ತನೆಯ ಸದ್ದಿಗೂ ಮೊದಲನೆಯದಕ್ಕೆ ಆದಷ್ಟೇ ಪ್ರತಿಕ್ರಿಯೆಯಾಗಿ, ಎರಡು ಮೂರು ಸೆಕೆಂಡುಗಳಲ್ಲಿ ಆಲ್ಫಾ ಮರಳುತ್ತಿತ್ತು. ದೆಹಲಿಯ ಯೋಗಿ ಬಾಗಿಲನ್ನು ಮುಚ್ಚಿದವನು. ಜಪಾನಿನ ಸಂನ್ಯಾಸಿ ಬಾಗಿಲನ್ನು ತೆರೆದಿಟ್ಟು, ಬಂದವರನ್ನೆಲ್ಲ ಹೊಸಬರಂತೆ ನೋಡಿ ಕಳುಹಿಸುವವನು! ಎರಡು ಸಾಧನೆಗಳ ಗುರಿಯೂ ಬೇರೆ, ಮಿದುಳಿನ ನಡತೆಯೂ ಬೇರೆ ಎಂಬ ಈ ಸುಂದರವಾದ ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು.

ಆದರೆ ಸೌಂದರ್ಯ ಸಾಕ್ಷ್ಯವಲ್ಲ. ಝೆನ್, ಯೋಗ ಮತ್ತು ಮಂತ್ರಧ್ಯಾನ ಮಾಡುವ ಮೂರು ಗುಂಪುಗಳನ್ನೂ ಧ್ಯಾನ ಮಾಡದವರನ್ನೂ ಒಂದೇ ಪ್ರಯೋಗಶಾಲೆಯಲ್ಲಿ ಕುಳ್ಳಿರಿಸಿ ಅದೇ ಬಗೆಯ ಸದ್ದುಗಳನ್ನು ಕೇಳಿಸಿದ ಬೆಕರ್ ಮತ್ತು ಷಪೀರೊ 1981ರಲ್ಲಿ ತಿಳಿಸಿದ್ದೇನು? ಗುಂಪು ಗುಂಪಿಗೆ ಅಂಥ ಭೇದವೇನೂ ಕಾಣಲಿಲ್ಲ. ಎಲ್ಲರ ಮಿದುಳೂ ಸದ್ದಿಗೆ ಒಂದೇ ರೀತಿ ಹೊಂದಿಕೊಂಡಿತು. ಹಳೆಯ ಫಲಿತಾಂಶ ಸುಳ್ಳೆಂದು ಇದರಿಂದ ಹೇಳಲಾಗದು. ನಾಲ್ಕು ಜನರ ಮೇಲೆ, ಅದೂ ಇಡೀ ಬಾಳನ್ನು ಸಾಧನೆಗೆ ಮುಡಿಪಿಟ್ಟವರ ಮೇಲೆ ಮಾಡಿದ ಪ್ರಯೋಗದಿಂದ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಕಟ್ಟಲಾಗದು ಎಂದಷ್ಟೇ ಹೇಳಬೇಕು.

ಸುಮ್ಮನೆ ಕುಳಿತರೆ ಸಾಲದೆ?

ಧ್ಯಾನವನ್ನು ಸಾಧುಗಳ ಗುಹೆಯಿಂದ ಸಾಮಾನ್ಯರ ಮನೆಗೆ ತಂದ ಸಂಶೋಧನೆ ಅಮೆರಿಕದ ವಾಲೆಸ್ ಮತ್ತು ಬೆನ್ಸನ್ ಎಂಬುವರದು. ದಿನವೂ ಮಂತ್ರಧ್ಯಾನ ಮಾಡುತ್ತಿದ್ದ 36 ಮಂದಿಯನ್ನು ಪರೀಕ್ಷಿಸಿ, ಧ್ಯಾನದ ವೇಳೆಯಲ್ಲಿ ದೇಹ ಬಳಸುವ ಆಮ್ಲಜನಕ ನಿಮಿಷಕ್ಕೆ ಸುಮಾರು 251 ಘನ ಸೆಂಟಿಮೀಟರಿನಿಂದ 211ಕ್ಕೆ ಇಳಿಯುತ್ತದೆಂದು ಅವರು 1972ರಲ್ಲಿ ಬರೆದರು. ನೂರಕ್ಕೆ ಹದಿನಾರು ಭಾಗ ಇಳಿಕೆ! ದೇಹವೆಂಬ ಒಲೆಯ ಉರಿಯೇ ತಗ್ಗಿತೆಂದ ಹಾಗಾಯಿತು. 1975ರಲ್ಲಿ ಬೆನ್ಸನ್ನರು ಈ ವಿಶ್ರಾಂತ ಸ್ಥಿತಿಯನ್ನು ಕುರಿತು ಬರೆದ ಪುಸ್ತಕ ಲೋಕಪ್ರಸಿದ್ಧವಾಯಿತು.

ಇಲ್ಲಿಯೇ ನಮ್ಮ ಮೂರನೆಯ ಪ್ರಶ್ನೆ ಎದ್ದುನಿಲ್ಲುತ್ತದೆ: ಯಾವುದರೊಡನೆ ಹೋಲಿಸಿ? ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಅಷ್ಟೇ ಹೊತ್ತು ಕಣ್ಣು ಮುಚ್ಚಿ, ಧ್ಯಾನ ಮಾಡದೆ ಸುಮ್ಮನೆ ಕುಳಿತಿದ್ದರೆ ಆಮ್ಲಜನಕದ ಬಳಕೆ ಎಷ್ಟಿರುತ್ತಿತ್ತು? ಬಿಸಿನೀರಿನ ಪಾತ್ರೆಗೆ ಮಂತ್ರಿಸಿದ ದಾರ ಕಟ್ಟಿ, ನೀರು ತಣಿದುದು ದಾರದಿಂದಲೇ ಎಂದರೆ ನಾವು ಒಪ್ಪುವೆವೆ? ದಾರವಿಲ್ಲದ ಇನ್ನೊಂದು ಪಾತ್ರೆಯನ್ನು ಪಕ್ಕದಲ್ಲಿ ಇಡಬೇಕು. ಪಕ್ಕದ ಪಾತ್ರೆಯನ್ನಿಟ್ಟು ಮಾಡಿದ ಪ್ರಯೋಗಗಳನ್ನು ಹೋಮ್ಸ್ ಎಂಬುವರು 1984ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದೇಹದ ಉದ್ವೇಗವನ್ನು ತಗ್ಗಿಸುವುದರಲ್ಲಿ ಧ್ಯಾನ ಬರಿಯ ವಿಶ್ರಾಂತಿಯನ್ನು ಮೀರಿಸುವುದೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಇನ್ನೊಂದು ತಮಾಷೆಯ ಸಂಗತಿಯೂ ಉಂಟು. 1976ರಲ್ಲಿ ಐವರು ನುರಿತ ಧ್ಯಾನಿಗಳ ಮಿದುಳಿನ ವಿದ್ಯುಲ್ಲೇಖವನ್ನು ಪರಿಶೀಲಿಸಿದವರಿಗೆ, ಧ್ಯಾನದ ಅವಧಿಯ ನೂರಕ್ಕೆ ನಲವತ್ತು ಭಾಗದಷ್ಟು ಕಾಲ ಅವರು ನಿದ್ರೆ ಮಾಡುತ್ತಿದ್ದುದು ಕಂಡುಬಂತು. ತೂಕಡಿಕೆಯ ಮಾತನ್ನಾಡಿದ ನಮ್ಮ ಸಂದೇಹವಾದಿ ಇಲ್ಲಿ ಮೀಸೆ ತಿರುವಬಹುದು.

ಆದರೆ ಅವನ ಗೆಲುವೂ ಪೂರ್ಣವಾದುದಲ್ಲ. ಬೆಂಗಳೂರಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಐದರಿಂದ ಇಪ್ಪತ್ತು ವರ್ಷಗಳ ಅಭ್ಯಾಸವುಳ್ಳ ಏಳು ಮಂದಿ ಒಂದು ಸಲ ಓಂಕಾರವನ್ನು ಮನಸ್ಸಿನಲ್ಲಿಯೇ ಉಚ್ಚರಿಸುತ್ತ ಕುಳಿತರು. ಇನ್ನೊಂದು ಸಲ ಮನಸ್ಸನ್ನು ಹರಿದತ್ತ ಹರಿಯಗೊಟ್ಟು ಕುಳಿತರು. ಎರಡೂ ಕುಳಿತಿರುವುದೇ, ಮನಸ್ಸಿನ ಕೆಲಸ ಮಾತ್ರ ಬೇರೆ. ಓಂಕಾರದ ಸರದಿಯಲ್ಲಿ ಹೃದಯದ ಬಡಿತ ಗಮನಾರ್ಹವಾಗಿ ತಗ್ಗಿತು. ಏಳೇ ಮಂದಿ ಎಂಬುದು ನಿಜ. ಆದರೆ ಹೋಲಿಕೆಯ ಕ್ರಮ ಸರಿಯಾದುದು, ಅದನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಉಸಿರೆಂಬ ಉಯ್ಯಾಲೆ

ಈಗ ಉಸಿರಿನ ವಿಚಾರಕ್ಕೆ ಬರೋಣ. ಭೌತವಿಜ್ಞಾನದ ವಿದ್ಯಾರ್ಥಿಗೆ ಇಡೀ ವಿಷಯದಲ್ಲಿ ಹೆಚ್ಚು ರುಚಿಸುವ ಭಾಗ ಇದೇ.

ಹೃದಯ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರನ್ನು ಒಳಗೆಳೆದಾಗ ಅದರ ವೇಗ ಸ್ವಲ್ಪ ಹೆಚ್ಚುತ್ತದೆ, ಹೊರಬಿಟ್ಟಾಗ ತಗ್ಗುತ್ತದೆ. ಜರ್ಮನಿಯ ಕಾರ್ಲ್ ಲೂಡ್ವಿಗ್ ಎಂಬ ಶರೀರವಿಜ್ಞಾನಿ ಇದನ್ನು 1847ರಲ್ಲಿಯೇ ಕಂಡಿದ್ದರು. ಮಿದುಳಿನ ಬುಡದಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ಬ್ರೇಕಿನಂತೆ ಕೆಲಸ ಮಾಡುತ್ತದೆ. ಉಚ್ಛ್ವಾಸದಲ್ಲಿ ಬ್ರೇಕು ಸಡಿಲವಾಗುತ್ತದೆ, ನಿಶ್ವಾಸದಲ್ಲಿ ಬಿಗಿಯಾಗುತ್ತದೆ. ಎಳೆಯರಲ್ಲಿ ಈ ಏರಿಳಿತ ಹೆಚ್ಚು, ವಯಸ್ಸಾದಂತೆ ಕಡಿಮೆ.

ಇದರ ಜೊತೆಗೆ ರಕ್ತದ ಒತ್ತಡವನ್ನು ಕಾಯುವ ಇನ್ನೊಂದು ವ್ಯವಸ್ಥೆಯಿದೆ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ಧಮನಿಯ ಗೋಡೆಯಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿಯೂ ಒತ್ತಡವನ್ನು ಗುರುತಿಸುವ ನರತುದಿಗಳಿವೆ. ಒತ್ತಡ ಹೆಚ್ಚಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ನಿಧಾನವಾಗುತ್ತದೆ, ನಾಳಗಳು ಹಿಗ್ಗುತ್ತವೆ, ಒತ್ತಡ ಇಳಿಯುತ್ತದೆ. ಆದರೆ ಆಜ್ಞೆ ಹೊರಟು ಒತ್ತಡ ಇಳಿಯುವುದಕ್ಕೆ ಸುಮಾರು ಐದು ಸೆಕೆಂಡು ಹಿಡಿಯುತ್ತದೆ. ಸ್ನಾನದ ಮನೆಯಲ್ಲಿ ಬಿಸಿನೀರು ತಣ್ಣೀರಿನ ನಲ್ಲಿಗಳನ್ನು ಹದಗೊಳಿಸುವವನ ಪಾಡನ್ನು ನೆನೆಯಿರಿ. ಬಿಸಿ ಹೆಚ್ಚಾಯಿತೆಂದು ಒಂದು ನಲ್ಲಿಯನ್ನು ತಿರುಗಿಸುತ್ತಾನೆ. ಪರಿಣಾಮ ತಡವಾಗಿ ಬರುವುದರಿಂದ ಅಷ್ಟರಲ್ಲಿ ಹೆಚ್ಚು ತಿರುಗಿಸಿಬಿಟ್ಟಿರುತ್ತಾನೆ. ನೀರು ತೀರ ತಣ್ಣಗಾಗುತ್ತದೆ. ಮತ್ತೆ ಹಿಂದಕ್ಕೆ ತಿರುಗಿಸುತ್ತಾನೆ. ತಡವಾಗಿ ಫಲ ಕೊಡುವ ಯಾವ ನಿಯಂತ್ರಣವೂ ಹೀಗೆ ಹಿಂದುಮುಂದಾಗಿ ತೂಗುತ್ತದೆ. ಅತ್ತ ಐದು ಸೆಕೆಂಡು, ಇತ್ತ ಐದು ಸೆಕೆಂಡು. ಒಟ್ಟು ಹತ್ತು ಸೆಕೆಂಡಿಗೊಂದು ಆಂದೋಲನ. ಎಂದರೆ ನಿಮಿಷಕ್ಕೆ ಆರು.

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಬಾರಿ ಉಸಿರಾಡುತ್ತೇವೆ. ಉಸಿರಿನ ತಾಳಕ್ಕೂ ಒತ್ತಡದ ತಾಳಕ್ಕೂ ಹೊಂದಿಕೆಯಿಲ್ಲ. ಉಯ್ಯಾಲೆಯನ್ನು ಅದರ ಸಹಜ ಕಾಲಕ್ಕೆ ಹೊಂದದಂತೆ ಬೇಗಬೇಗನೆ ತಳ್ಳಿದರೆ ಅದು ಅಷ್ಟಾಗಿ ಆಡುವುದಿಲ್ಲ. ಆದರೆ ಉಸಿರನ್ನು ನಿಮಿಷಕ್ಕೆ ಆರಕ್ಕೆ ಇಳಿಸಿದರೆ? ಉಯ್ಯಾಲೆ ಹಿಂದಕ್ಕೆ ಬಂದಾಗಲೆಲ್ಲ ಒಂದೊಂದು ಮೆಲ್ಲನೆಯ ನೂಕು ಬಿದ್ದಂತಾಗುತ್ತದೆ. ಇದೇ ಅನುನಾದ. ಶ್ರುತಿಕವೆಯ ಮುಂದೆ ಗಾಳಿಯ ಕಂಬದ ಉದ್ದವನ್ನು ಸರಿಹೊಂದಿಸಿದಾಗ ಫಕ್ಕನೆ ಸದ್ದು ತುಂಬಿಬರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕೇಳಿಯೇ ಇರುತ್ತಾರೆ. ಹೃದಯದ ವೇಗದ ಏರಿಳಿತವೂ ಹಾಗೆಯೇ ತುಂಬಿಬರುತ್ತದೆ. ಹರೆಯದವರಲ್ಲಿ ಒಂದೇ ಉಸಿರಿನ ಅವಧಿಯಲ್ಲಿ ಬಡಿತದ ವೇಗ ನಿಮಿಷಕ್ಕೆ ಹತ್ತಕ್ಕೂ ಹೆಚ್ಚು ಏರಿಳಿಯುವುದು ಸಾಮಾನ್ಯ. ಎಲ್ಲರಿಗೂ ಕರಾರುವಾಕ್ಕಾಗಿ ಆರೇ ಎಂದಲ್ಲ; ಎತ್ತರದ ಆಳುಗಳಲ್ಲಿ ಕೊಂಚ ಕಡಿಮೆ. ಉದ್ದವಾದ ಲೋಲಕ ನಿಧಾನವಾಗಿ ಆಡುವುದನ್ನು ಇದು ನೆನಪಿಗೆ ತರುತ್ತದೆ, ಕಾರಣ ಮಾತ್ರ ಬೇರೆ.

ಇಟಲಿಯ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ 23 ಮಂದಿ ಆರೋಗ್ಯವಂತರಿಂದ ಎರಡು ಬಗೆಯ ಜಪ ಮಾಡಿಸಿದರು. ಒಂದು, ಕ್ರೈಸ್ತರು ಜಪಸರ ಹಿಡಿದು ಲ್ಯಾಟಿನ್ ಭಾಷೆಯಲ್ಲಿ ಹೇಳುವ ಮೇರಿಮಾತೆಯ ಪ್ರಾರ್ಥನೆ. ಇನ್ನೊಂದು, ಟಿಬೆಟ್ಟಿನ ಬೌದ್ಧರಲ್ಲಿ ಪ್ರಸಿದ್ಧವಾದ ಮಣಿಮಂತ್ರ. ಎರಡರಲ್ಲಿಯೂ ಉಸಿರು ಹತ್ತಿರಹತ್ತಿರ ನಿಮಿಷಕ್ಕೆ ಆರಕ್ಕೆ ಇಳಿಯಿತು. ಒತ್ತಡವನ್ನು ಸರಿತೂಗಿಸುವ ವ್ಯವಸ್ಥೆ ಹೆಚ್ಚು ಚುರುಕಾಯಿತು. ಒಂದು ಮತಕ್ಕೂ ಇನ್ನೊಂದಕ್ಕೂ ಸಾವಿರಾರು ಮೈಲಿ ದೂರ. ಆದರೆ ಜಪಸರದ ಮಣಿ ಜಾರುವ ವೇಗ ಒಂದೇ. ಮಂತ್ರದ ಅರ್ಥದಿಂದ ಬರುವ ಫಲವನ್ನು ಭಕ್ತರಿಗೆ ಬಿಡೋಣ. ಅದರ ಉದ್ದದಿಂದಲೂ ಒಂದು ಫಲವುಂಟೆಂಬುದು ಇದರಿಂದ ಸಿದ್ಧವಾಯಿತು.

ಉಳಿದುದೆಷ್ಟು?

ಉಸಿರಿನ ಪಾಲನ್ನು ಕಳೆದ ಮೇಲೆ ಗಮನದ ಪಾಲು ಉಳಿಯುತ್ತದೆ. ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬುವರು 2250 ಮಂದಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಫೋನಿನ ಮೂಲಕ "ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ?" ಎಂದು ಕೇಳಿ 2010ರಲ್ಲಿ ವರದಿ ಮಾಡಿದರು. ನೂರಕ್ಕೆ ಸುಮಾರು 47 ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲಿಯೋ ಇತ್ತು. ಹಾಗಿದ್ದಾಗ ಅವರ ಸಂತೋಷವೂ ಕಡಿಮೆಯಿತ್ತು. ಹೊರಗಿನ ಕೆಲಸವಿಲ್ಲದಾಗ ತಾನೇ ಚುರುಕಾಗುವ ಒಂದು ಜಾಲವನ್ನು ಮಿದುಳಿನಲ್ಲಿ ಗುರುತಿಸಲಾಗಿದೆ. ನುರಿತ ಧ್ಯಾನಿಗಳಲ್ಲಿ ಧ್ಯಾನದ ವೇಳೆ ಅದರ ಚಟುವಟಿಕೆ ತಗ್ಗಿರುವುದನ್ನು 2011ರ ಒಂದು ಅಧ್ಯಯನ ತೋರಿಸಿತು. ಇಲ್ಲಿ ಒಂದು ಮಾತನ್ನು ಹೊಸಬರಿಗೆ ಹೇಳಬೇಕು. ಧ್ಯಾನಕ್ಕೆ ಕುಳಿತಾಗ ಮನಸ್ಸು ಅಲೆದರೆ ಧ್ಯಾನ ಕೆಟ್ಟಿತೆಂದು ಅವರು ಎದ್ದುಬಿಡುತ್ತಾರೆ. ಅಲೆಯುವುದು ಮನಸ್ಸಿನ ಸ್ವಭಾವ. ಅಲೆಯಿತೆಂದು ಕಂಡು ಮರಳಿ ತರುವುದೇ ವ್ಯಾಯಾಮ. ಗರಡಿಯಲ್ಲಿ ಗದೆ ಕೆಳಗಿಳಿಯಿತೆಂದು ಯಾರೂ ಅಳುವುದಿಲ್ಲವಷ್ಟೆ.

ಹಾಗಾದರೆ ಲಾಭವೆಷ್ಟು? 2014ರಲ್ಲಿ ಅಮೆರಿಕದ ಸಂಶೋಧಕರು, ಹೋಲಿಕೆಯ ಗುಂಪುಗಳನ್ನಿಟ್ಟು ಕ್ರಮವಾಗಿ ನಡೆಸಿದ 47 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 3515 ಮಂದಿಯ ವಿವರಗಳನ್ನು ಒಟ್ಟಾಗಿ ಪರಿಶೀಲಿಸಿದರು. ಎಂಟು ವಾರಗಳಷ್ಟು ಅಭ್ಯಾಸದಿಂದ ಆತಂಕ, ಖಿನ್ನತೆ, ನೋವು ಇವು ಸಾಧಾರಣ ಮಟ್ಟಿಗೆ ಕಡಿಮೆಯಾಗುತ್ತವೆಂಬುದಕ್ಕೆ ತಕ್ಕಮಟ್ಟಿನ ಆಧಾರ ಸಿಕ್ಕಿತು. ಗಮನಶಕ್ತಿ, ನಿದ್ರೆ, ತೂಕ ಇವುಗಳ ವಿಷಯದಲ್ಲಿ ಆಧಾರ ಸಾಲದಾಯಿತು. ಔಷಧ, ವ್ಯಾಯಾಮ ಮುಂತಾದ ಇತರ ಉಪಾಯಗಳಿಗಿಂತ ಧ್ಯಾನ ಮೇಲೆಂದು ಹೇಳಲು ಏನೂ ದೊರೆಯಲಿಲ್ಲ. ಎಂಟು ವಾರಗಳ ಧ್ಯಾನದಿಂದ ಮಿದುಳಿನ ಕೆಲವು ಭಾಗಗಳು ಬೆಳೆಯುತ್ತವೆಂದು 2011ರಲ್ಲಿ ಬಂದ ವರದಿ ಬಹಳ ಪ್ರಚಾರ ಪಡೆಯಿತು. ಇನ್ನೂ ದೊಡ್ಡದಾದ, ಇನ್ನೂ ಬಿಗಿಯಾದ ಪ್ರಯೋಗವನ್ನು ನಡೆಸಿ 2022ರಲ್ಲಿ ಪ್ರಕಟಿಸಿದವರಿಗೆ ಅಂಥ ಬೆಳವಣಿಗೆ ಕಾಣಲಿಲ್ಲ. ಮೊದಲನೆಯದನ್ನು ಕೇಳಿದ ಕಿವಿಗಳಲ್ಲಿ ಎಷ್ಟಕ್ಕೆ ಎರಡನೆಯದು ಬಿದ್ದಿತೋ!

ನನ್ನ ದೃಷ್ಟಿಯಲ್ಲಿ ಈ ಲೆಕ್ಕ ನಿರಾಶಾದಾಯಕವಲ್ಲ. ಖರ್ಚಿಲ್ಲದ, ಉಪಕರಣ ಬೇಡದ, ಯಾರೂ ಯಾವ ಮೂಲೆಯಲ್ಲಾದರೂ ಮಾಡಬಹುದಾದ ಒಂದು ಅಭ್ಯಾಸ ಆತಂಕವನ್ನು ಸ್ವಲ್ಪ ತಗ್ಗಿಸುತ್ತದೆಂಬುದು ಪರೀಕ್ಷೆಯ ಕೊಠಡಿಯ ಹೊರಗೆ ಅಂಗೈ ಬೆವರುತ್ತ ನಿಂತ ವಿದ್ಯಾರ್ಥಿಗೆ ಸಣ್ಣ ಮಾತೇನಲ್ಲ. ಆದರೆ ಓದದೆ ಬಿಟ್ಟ ಅಧ್ಯಾಯ ಧ್ಯಾನದಿಂದ ತಲೆಗೆ ಬಾರದು. ಹಾಗೆಯೇ ವೈದ್ಯರು ಕೊಟ್ಟ ಮಾತ್ರೆಯನ್ನು ಅದನ್ನು ನಂಬಿ ನಿಲ್ಲಿಸಕೂಡದು. ಅಮೆರಿಕದ ಹೃದ್ರೋಗ ಸಂಘ 2017ರಲ್ಲಿ ಕೊಟ್ಟ ಸಲಹೆಯೂ ಧ್ಯಾನವನ್ನು ಚಿಕಿತ್ಸೆಯ ಜೊತೆಗೆ ಸೇರಿಸಿಕೊಳ್ಳಬಹುದೆಂದೇ ಹೊರತು, ಚಿಕಿತ್ಸೆಯ ಬದಲಿಗೆಂದಲ್ಲ. ಇನ್ನು, ಧ್ಯಾನ ಎಲ್ಲರಿಗೂ ಹಿತವೇ ಎಂದೂ ಇಲ್ಲ. 83 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಒಂದು ಸಮೀಕ್ಷೆಯಂತೆ ನೂರಕ್ಕೆ ಸುಮಾರು ಎಂಟು ಮಂದಿಗೆ ಆತಂಕ, ಖಿನ್ನತೆ ಮುಂತಾದ ತೊಂದರೆಗಳು ಕಾಣಿಸಿಕೊಂಡಿವೆ. ಕುಳಿತಷ್ಟೂ ಕಳವಳ ಹೆಚ್ಚುವವರು ಹಟ ಹಿಡಿಯದೆ ಎದ್ದು ಒಂದು ಸುತ್ತು ನಡೆದುಬರುವುದು ಮೇಲು. ಅದು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ವಿದ್ಯಾರ್ಥಿಗಳು ಇದೆಲ್ಲವನ್ನೂ ನನ್ನ ಮಾತಿನ ಮೇಲೆ ಒಪ್ಪಬೇಕಾದುದಿಲ್ಲ. ಸೆಕೆಂಡು ತೋರಿಸುವ ಒಂದು ಗಡಿಯಾರ, ಒಂದು ನೋಟುಪುಸ್ತಕ ಇಷ್ಟಿದ್ದರೆ ಪ್ರಯೋಗ ಮಾಡಬಹುದು. ದಿನವೂ ಒಂದೇ ಹೊತ್ತಿನಲ್ಲಿ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ಕುಳಿತುಕೊಳ್ಳಿರಿ. ಒಂದು ದಿನ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಇರುವುದು. ಇನ್ನೊಂದು ದಿನ ಹತ್ತು ನಿಮಿಷ ಉಸಿರನ್ನು ಬದಲಿಸದೆ ಅದರ ಮೇಲೆ ಗಮನವಿಡುವುದು. ಮತ್ತೊಂದು ದಿನ ಐದು ಸೆಕೆಂಡು ಒಳಕ್ಕೆ, ಐದು ಸೆಕೆಂಡು ಹೊರಕ್ಕೆ, ಬಲವಂತವಿಲ್ಲದೆ ಉಸಿರಾಡುವುದು. ತಲೆ ಹಗುರಾದಂತೆ ಎನಿಸಿದರೆ ಕೂಡಲೇ ಸಹಜವಾದ ಉಸಿರಿಗೆ ಮರಳಬೇಕು. ಯಾವ ದಿನ ಯಾವುದೆಂಬುದನ್ನು ಚೀಟಿಯೆತ್ತಿ ನಿಶ್ಚಯಿಸಿರಿ. ಇಲ್ಲವಾದರೆ ಮನಸ್ಸು ಚೆನ್ನಾಗಿರುವ ದಿನವೇ ಧ್ಯಾನಕ್ಕೆ ಕೈ ಹೋಗುವುದು. ಮೊದಲೂ ಕೊನೆಯಲ್ಲೂ ಒಂದೊಂದು ಪೂರ್ತಿ ನಿಮಿಷ ನಾಡಿಯನ್ನು ಎಣಿಸಿ ಬರೆಯಿರಿ. ಒಂದು ತಿಂಗಳಾದ ಮೇಲೆ ಮೂರೂ ಬಗೆಯ ಸರಾಸರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ನಿಧಾನವಾದ ಉಸಿರಿನ ದಿನ ಗೆಳೆಯನೊಬ್ಬ ನಿಮ್ಮ ನಾಡಿ ಹಿಡಿದು ಅದರ ತಾಳಕ್ಕೆ ಮೇಜನ್ನು ತಟ್ಟಿದರೆ, ಉಸಿರಿನೊಡನೆ ಬಡಿತ ಒತ್ತೊತ್ತಾಗುವುದೂ ಬಿಡುಬಿಡಾಗುವುದೂ ಕಿವಿಗೇ ಕೇಳುತ್ತದೆ. ನಾಡಿ ನೋಡಲು ತೋರುಬೆರಳು ಮತ್ತು ನಡುಬೆರಳುಗಳನ್ನು ಬಳಸಬೇಕು, ಹೆಬ್ಬೆರಳನ್ನಲ್ಲ. ಹೆಬ್ಬೆರಳಿನಲ್ಲಿಯೇ ಒಂದು ನಾಡಿ ಬಡಿಯುತ್ತಿರುವುದರಿಂದ ಎಣಿಕೆ ತಪ್ಪುತ್ತದೆ.